ಮದ್ದು ಪಾಯಸವೂ ಜೈವಿಕ ಸುರಕ್ಷತಾ ಸಮಿತಿಯೂ

ನಮ್ಮ ಲ್ಯಾಬಿನ ಬಾಗಿಲ ಮೇಲೆ ಈಗ ಒಂದು ಹಳದಿ ಚೀಟಿ ಇದೆ. ಕೊಂಬುಗಳನ್ನು ಬೆಸೆದ ಹಾಗಿರುವ ಕಪ್ಪು ಗುರುತು, ಅದರ ಕೆಳಗೆ ‘ಜೈವಿಕ ಅಪಾಯ, ಅನುಮತಿ ಇಲ್ಲದೆ ಪ್ರವೇಶವಿಲ್ಲ’ ಅನ್ನುವ ಸಾಲು. ಮಡಿಕೇರಿಯ ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ನಿಂತ ನಿಲುವಿನಲ್ಲಿ ಪ್ರಿಂಟ್ ಹಾಕಿಸಿಕೊಳ್ಳಬಹುದು. ಆದರೆ ಅದನ್ನ ಬಾಗಿಲಿಗೆ ಅಂಟಿಸುವ ಹಕ್ಕು ಪಡೆಯೋದರಲ್ಲಿ ನಾನು ಹಣ್ಣುಗಾಯಿ ನೀರುಗಾಯಿ ಆದೆ. ಇವತ್ತಿಗೂ ಯಾರಾದರೂ ‘ಸಮಿತಿ’ ಅಂದರೆ ನನಗೆ ಸೊಂಟ ನೋಯುತ್ತೆ.

ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುವವಳು. ನಮ್ಮ ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತ ಬೇಸಾಯಗಾರರು ನಾವು. ಅಲ್ಲಿ ಬಿಸಿಲಲ್ಲಿ ಬಟ್ಟೆ ಒಣಗಿಸಿ ಹೊರಟರೆ, ಬೆಟ್ಟದ ಮೇಲೆ ಕಾಲೇಜಿನ ಹತ್ತಿರ ಇಳಿಯುವಾಗ ಮೈಯೆಲ್ಲ ಒದ್ದೆ. ಇಷ್ಟು ವರ್ಷ ಆದರೂ ಈ ಮಳೆಗೂ ನನಗೂ ರಾಜಿ ಆಗಿಲ್ಲ.

ರೋಗ ತರುವ ಜೀವಂತ ಸೂಕ್ಷ್ಮಾಣುಗಳನ್ನ ಪಾಠಕ್ಕಾಗಲಿ ಸಂಶೋಧನೆಗಾಗಲಿ ಮುಟ್ಟಬೇಕಾದರೆ ಕಾಲೇಜಿಗೆ ತನ್ನದೇ ಜೈವಿಕ ಸುರಕ್ಷತಾ ಸಮಿತಿ ಇರಬೇಕು, ಆ ಸಮಿತಿಯ ಅನುಮತಿ ಬೇಕು ಅಂತ ಒಂದು ದಿನ ಸುತ್ತೋಲೆ ಬಂತು. ಅದುವರೆಗೆ ನಮ್ಮ ಎಂ.ಎಸ್ಸಿ. ಮಕ್ಕಳು ಟೈಫಾಯ್ಡ್‌ನ ಸೂಕ್ಷ್ಮಾಣುವನ್ನ ಕೈಯಾರೆ ಬೆಳೆಸಿ ನೋಡುತ್ತಿದ್ದರು. ಸುತ್ತೋಲೆ ಬಂದ ಮಧ್ಯಾಹ್ನವೇ ನಾನು ಅಷ್ಟನ್ನೂ ಆಟೋಕ್ಲೇವ್‌ಗೆ ತುಂಬಿ ಬೇಯಿಸಿ ಸಾಯಿಸಿದೆ. ಆಟೋಕ್ಲೇವ್ ಅಂದರೆ ಒಂದು ದೊಡ್ಡ ಕುಕ್ಕರ್ ಅಂದುಕೊಳ್ಳಿ. ಮರುದಿನದಿಂದ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದೆ. ಈಜು ಕಲಿಯೋಕೆ ಬಂದವರಿಗೆ ಕೆರೆಯ ಚಿತ್ರ ತೋರಿಸಿದ ಹಾಗೆ.

ಮಕ್ಕಳದ್ದು ಹೇಗೋ ನಡೆಯುತ್ತಿತ್ತು. ನಡೆಯದಿದ್ದದ್ದು ನನ್ನ ಕೈಕೆಳಗಿನ ಒಬ್ಬಳೇ ಒಬ್ಬಳು ಸಂಶೋಧನಾ ವಿದ್ಯಾರ್ಥಿನಿಯದ್ದು. ಭಾಗಮಂಡಲದ ಕಡೆಯ ಹುಡುಗಿ, ಮನೆಯಲ್ಲಿ ಅರೆಭಾಷೆ, ನನ್ನ ಹತ್ತಿರ ಕನ್ನಡ. ಅವಳ ವಿಷಯ ಇಲಿಜ್ವರ. ಇಲಿಯ ಮೂತ್ರದಿಂದ ನೀರಿಗೆ ಸೇರಿ, ಗದ್ದೆಗೆ ಇಳಿದವರ ಕಾಲಿನ ಗಾಯದ ಮೂಲಕ ಮೈಗೆ ಹೋಗುವ ಸೂಕ್ಷ್ಮಾಣು ಅದು. ಅವರ ಕಡೆ ನಾಟಿ ಮುಗಿಸಿ ಬಂದವರಿಗೆ ಜ್ವರ ಬಂದರೆ ಮೊದಲು ಶೀತ ಅಂತಾರೆ, ಆಮೇಲೆ ಕಾಮಾಲೆ ಅಂತಾರೆ, ಆಮೇಲೆ ಹೇಳೋಕೆ ಏನೂ ಉಳಿದಿರಲ್ಲ. ಯಾವ ಗದ್ದೆಯ ನೀರಲ್ಲಿ, ಯಾವ ತೋಟದ ಕೂಲಿಕಾರರ ಲೈನ್ ಮನೆಗಳ ಚರಂಡಿಯಲ್ಲಿ ಅದು ಇದೆ ಅಂತ ಹುಡುಕೋದು ಅವಳ ಕೆಲಸ.

ಹುಡುಕಬೇಕಾದ್ದು ಮಳೆಗಾಲದಲ್ಲಿ, ಗದ್ದೆಯಲ್ಲಿ ನೀರು ನಿಂತಿರುವಾಗ. ಅವಳ ನೋಂದಣಿಯ ಅವಧಿಯನ್ನ ವಿಶ್ವವಿದ್ಯಾಲಯ ಆಗಲೇ ಮುಂದೂಡಿ ಮುಂದೂಡಿ, ಇದೇ ಕೊನೆ ಅಂತ ಬರೆದು ಕಳಿಸಿತ್ತು. ಅಂದರೆ ಅವಳಿಗೆ ಉಳಿದಿದ್ದು ಒಂದೇ ಮಳೆಗಾಲ. ಗದ್ದೆ ನೀರು ಇಳಿಯೋದರೊಳಗೆ ಅನುಮತಿ ಬಂದರೆ ಡಾಕ್ಟರೇಟ್, ಇಲ್ಲದಿದ್ದರೆ ಅಷ್ಟು ವರ್ಷದ ಓದು ನೀರಲ್ಲಿ ಹೋಮ.

ಸಮಿತಿಗೆ ಒಬ್ಬ ವೈದ್ಯರು ಬೇಕು ಅಂತ ನಿಯಮ. ಕೆಲಸದಲ್ಲಿರುವ ವೈದ್ಯರು ಯಾರೂ ಒಪ್ಪಲಿಲ್ಲ. ಕೊನೆಗೆ ಮಾದಾಪುರದ ಹತ್ತಿರ ತೋಟ ನೋಡಿಕೊಂಡಿದ್ದ ಒಬ್ಬ ನಿವೃತ್ತ ಡಾಕ್ಟರ ಮನೆ ಬಾಗಿಲಿಗೆ ಹೋದೆ. ಎತ್ತರದ ಆಳು, ಕೊಡವರು, ಮಾತು ನೇರ.

“ಏನಮ್ಮ, ಇಷ್ಟು ದೂರ ಬಂದಿದ್ದೀರಿ? ಯಾರಿಗೆ ಹುಷಾರಿಲ್ಲ?”

“ಯಾರಿಗೂ ಹುಷಾರು ತಪ್ಪಿಲ್ಲ ಡಾಕ್ಟ್ರೇ. ತಪ್ಪಬಹುದು ಅಂತ ಬಂದಿದ್ದೀನಿ.”

ಜೋರಾಗಿ ನಕ್ಕರು. ಕಾಫಿ ಕೊಡಿಸಿದರು. ಲ್ಯಾಬಿನಲ್ಲಿ ಯಾರಿಗಾದರೂ ಜ್ವರ ಬಂದರೆ ನೋಡಬೇಕು ಅಂದಿದ್ದಕ್ಕೆ, “ಈ ಮಳೆಯಲ್ಲಿ ಊರಿಗೆಲ್ಲ ಜ್ವರ ಉಂಟು, ನಿಮ್ಮ ಲ್ಯಾಬಿನದ್ದು ಯಾವುದು ಅಂತ ಹೇಗೆ ಕಂಡು ಹಿಡಿಯೋದು?” ಅಂದರು. ಆದರೂ ಒಪ್ಪಿಕೊಂಡರು.

ಇನ್ನೊಬ್ಬರು ಹೊರಗಿನ ತಜ್ಞರು, ಮೈಸೂರಿನವರು. ಅವರು ಹೂಂ ಅಂದರೆ ಅನುಮತಿ, ಊಹೂಂ ಅಂದರೆ ಇಲ್ಲ. ತೆಳ್ಳಗಿನ ಮನುಷ್ಯ, ನಗು ಅನ್ನೋದನ್ನ ಮನೆಯಲ್ಲೇ ಬಿಟ್ಟು ಬರುವವರು. ಮುಚ್ಚಿದ್ದು ಏನು ಕಂಡರೂ ತೆಗೆದು ನೋಡೋದು ಅವರ ಸ್ವಭಾವ.

ಅವರು ಮೊದಲ ಸಲ ಪರಿಶೀಲನೆಗೆ ಬರುವ ಹೊತ್ತಿಗೆ ನಾವು ಏನೇನು ಮಾಡಿದ್ದೆವು ಗೊತ್ತಾ? ಕೈ ತೊಳೆಯೋಕೆ ಮೊಣಕೈಯಿಂದ ತಿರುಗಿಸುವ ನಲ್ಲಿ ಹಾಕಿಸಿದ್ದೆವು. ಕಿಟಕಿಗೆ ಜಾಲರಿ ಬಡಿಸಿದ್ದೆವು. ಒಳಗಿನ ಗಾಳಿಯನ್ನ ಸೋಸಿ ಬಿಡುವ ಗಾಜಿನ ಕ್ಯಾಬಿನೆಟ್ಟು ಸರಿಯಾಗಿದೆ ಅಂತ ಪ್ರಮಾಣಪತ್ರ ಕೊಡಬೇಕಾದ ಬೆಂಗಳೂರಿನ ಮೆಕ್ಯಾನಿಕ್ಕು, ರಸ್ತೆಗೆ ಗುಡ್ಡ ಜರಿದಿದೆ ಅಂತ ಕುಶಾಲನಗರದಿಂದಲೇ ವಾಪಸ್ ಹೋಗಿದ್ದ. ಅವನನ್ನ ಮತ್ತೆ ಕರೆಸಿದೆವು. ಕ್ಯಾಬಿನೆಟ್ಟಿಗೆ ಪ್ರಮಾಣಪತ್ರ ಬೇಕಾದರೆ ಸಮಿತಿಯ ಪತ್ರ ತನ್ನಿ ಅಂದಿತು ಅವನ ಕಂಪನಿ, ಸಮಿತಿಯ ಪತ್ರ ಬೇಕಾದರೆ ಪ್ರಮಾಣಪತ್ರ ತನ್ನಿ ಅಂದಿತು ಸಮಿತಿ. ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ. ಕೊನೆಗೆ ಕಾಲೇಜಿನ ಪತ್ರಕ್ಕೇ ಕಂಪನಿ ಒಪ್ಪಿಕೊಂಡಿತು. ಆಟೋಕ್ಲೇವ್ ಬೇಯಿಸುತ್ತಿರುವಾಗ ಮಧ್ಯದಲ್ಲಿ ಕರೆಂಟ್ ಹೋದರೆ ಒಳಗಿನ ಕಸ ಅರೆಬೆಂದು ಉಳಿಯುತ್ತೆ, ಅದು ಬಲು ಅಪಾಯ. ನಮ್ಮಲ್ಲಿ ಮಳೆಗಾಲಕ್ಕೆ ಕರೆಂಟ್ ಇರೋದೇ ಸುದ್ದಿ. ಕಾಲೇಜಿನ ಜನರೇಟರ್ ಲೈನು ಪ್ರಿನ್ಸಿಪಾಲರ ರೂಮಿಗೆ ಮತ್ತು ಆಫೀಸಿಗೆ ಮಾತ್ರ ಇತ್ತು. ಅದನ್ನ ಲ್ಯಾಬಿಗೆ ಎಳೆಸೋದಕ್ಕೆ ನಾನು ಪ್ರಿನ್ಸಿಪಾಲರ ಜೊತೆ ಆಡಿದ ಜಗಳ ಪಿಯುಸಿ ಬ್ಲಾಕಿನವರೆಗೂ ಕೇಳಿಸಿತಂತೆ.

ಇಷ್ಟೆಲ್ಲ ಆಯಿತು. ತಜ್ಞರು ಬಂದರು. ನಲ್ಲಿ ತಿರುಗಿಸಿದರು, ಜಾಲರಿ ತಟ್ಟಿದರು, ಕ್ಯಾಬಿನೆಟ್ಟಿನ ಮುಂದೆ ಟಿಶ್ಯೂ ಕಾಗದ ಹಿಡಿದು ಗಾಳಿ ಯಾವ ಕಡೆ ಎಳೆಯುತ್ತೆ ನೋಡಿದರು. ಎಲ್ಲ ಸರಿ. ನನ್ನ ಎದೆಯೊಳಗೆ ಒಂದು ಸಣ್ಣ ಹಾಡು ಶುರುವಾಯಿತು. ಆಗ ಅವರು ಮೂಲೆಯಲ್ಲಿದ್ದ ಹಾಟ್ ಏರ್ ಓವನ್ನಿನ ಬಾಗಿಲು ತೆಗೆದರು.

ಒಳಗೆ ಟ್ರೇ ಮೇಲೆ ಒಂದು ಜೊತೆ ಸಾಕ್ಸು.

ಕೊಡಗಿನಲ್ಲಿ ಮಳೆ ಹಿಡಿದರೆ ಒಣ ಸಾಕ್ಸಿಗಿಂತ ದೊಡ್ಡ ಐಶ್ವರ್ಯ ಇಲ್ಲ. ಮನೆಯಲ್ಲಾದರೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ. ಕಾಲೇಜಿನಲ್ಲಿ ಬಿಸಿ ಇರೋದು ನಮ್ಮ ಓವನ್ ಒಂದೇ. ಗಾಜಿನ ಸಾಮಾನು ಒಣಗಿಸೋಕೆ ಇಟ್ಟ ಓವನ್ನಿನಲ್ಲಿ ಇಡೀ ಸ್ಟಾಫು ಯಾವತ್ತಿನಿಂದಲೋ ಸಾಕ್ಸು ಒಣಗಿಸಿಕೊಂಡಿದೆ, ಯಾರಿಗೂ ಅದು ತಪ್ಪು ಅಂತಲೇ ಅನ್ನಿಸಿಲ್ಲ. ಪರಿಶೀಲನೆಗೆ ಮುಂಚೆ ನಾನು ಎಲ್ಲರಿಗೂ ಹೇಳಿದ್ದೆ. ಒಬ್ಬರಿಗೆ ಮಾತ್ರ ಹೇಳಿರಲಿಲ್ಲ, ಅವರಿಗೆ ಹೇಳಬೇಕಾಗುತ್ತೆ ಅಂತ ಹೊಳೆದೇ ಇರಲಿಲ್ಲ.

“ಇದು ಯಾವ ಪ್ರಯೋಗ?” ಅಂತ ತಜ್ಞರು ಕೇಳಿದರು.

ಪಕ್ಕದಲ್ಲಿ ಪ್ರಿನ್ಸಿಪಾಲರು ಬರಿಗಾಲಿಗೆ ಬೂಟು ಏರಿಸಿಕೊಂಡು ಗಂಭೀರವಾಗಿ ಸೂರು ನೋಡುತ್ತಾ ನಿಂತಿದ್ದರು. “ನೀವು ಇದನ್ನೆಲ್ಲ ಗಮನಿಸಬೇಕು ಮೇಡಂ,” ಅಂತ ನನಗೇ ಹೇಳಿದರು. ಅಯ್ಯೋ ಪರಮಾತ್ಮ ಅಂದುಕೊಂಡೆ. ನನ್ನ ಹುಡುಗಿ ನಗು ತಡೆಯೋಕಾಗದೆ ಹೊರಗೆ ಓಡಿದಳು.

ಅನುಮತಿ ಸಿಗಲಿಲ್ಲ. ನಿಮ್ಮ ಸಾಮಾನು ಸರಿ ಇದೆ, ಅಭ್ಯಾಸ ಸರಿ ಇಲ್ಲ ಅಂದರು ತಜ್ಞರು. ಕಕ್ಕಡ ತಿಂಗಳ ಮಧ್ಯದವರೆಗೆ ನಿರುಪದ್ರವಿ ಸೂಕ್ಷ್ಮಾಣು ಇಟ್ಟುಕೊಂಡು, ಅದೇ ಇಲಿಜ್ವರದ್ದು ಅಂದುಕೊಂಡು ಎಲ್ಲ ಕ್ರಮ ಪಾಲಿಸಿ ತೋರಿಸಿ. ಕೆಲಸ ಮಾಡುವವರ ಆರೋಗ್ಯದ ಮೇಲೆ ಕಣ್ಣಿಡುವ ನಿಯಮ ಬರೆಯಿರಿ. ಆಮೇಲೆ ಕೊನೆಯ ಮೀಟಿಂಗ್.

ಆ ನಿಯಮ ಬರೆದವಳು ನನ್ನ ವಿದ್ಯಾರ್ಥಿನಿಯೇ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗೋದು, ಮೂತ್ರದ ಬಣ್ಣ ಬದಲಾಗೋದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಸಮಿತಿಗೆ ತಿಳಿಸಬೇಕು. ಡಾಕ್ಟರು ಓದಿ, “ಮೂತ್ರದ ಬಣ್ಣವಾ? ಕಕ್ಕಡ ಹದಿನೆಂಟರ ಮಾರನೇ ದಿನ ಇಡೀ ಕೊಡಗು ನಿಮ್ಮ ಸಮಿತಿಗೆ ಫೋನ್ ಮಾಡ್ಬೇಕಾಗ್ತದೆ,” ಅಂದರು. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಿಯಮ ಹಾಗೇ ಉಳಿಯಿತು.

ಹೊರಗಿನವರಿಗೆ ಹೇಳಬೇಕು. ಕಕ್ಕಡ ಅಂದರೆ ಇಲ್ಲಿನ ಆಟಿ ತಿಂಗಳು, ಮಳೆಯ ನಡುಮಧ್ಯ. ಅದರ ಹದಿನೆಂಟನೇ ದಿನ ಕಾಡಿನ ಮದ್ದು ಸೊಪ್ಪು ತಂದು ಕುದಿಸುತ್ತಾರೆ. ನೇರಳೆ ಬಣ್ಣದ ರಸ ಬಿಡುತ್ತೆ, ಪರಿಮಳವೂ ಬೇರೆ ಥರ. ಆ ರಸದಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಕಾಯಿಹಾಲು ಹಾಕಿ ಪಾಯಸ. ಅವತ್ತು ಆ ಸೊಪ್ಪಿಗೆ ಹದಿನೆಂಟು ಮದ್ದಿನ ಗುಣ ಬಂದಿರುತ್ತೆ ಅಂತ ನಂಬಿಕೆ. ತಿಂದ ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತೆ. ಮದ್ದು ಮೈಗೆ ಹಿಡಿದಿದೆ ಅನ್ನೋದಕ್ಕೆ ಅದೇ ಗುರುತು. ನನ್ನ ವಿದ್ಯಾರ್ಥಿನಿಯ ಮನೆಯಲ್ಲಿ ಆಟಿ ಹದಿನೆಂಟು ಅಂತಾರೆ, ಡಾಕ್ಟರ ಮನೆಯಲ್ಲಿ ಕಕ್ಕಡ ಹದಿನೆಂಟು ಅಂತಾರೆ. ಸೊಪ್ಪು ಒಂದೇ, ಬಣ್ಣವೂ ಒಂದೇ.

ತಾಲೀಮು ಶುರುವಾಯಿತು. ಎರಡು ಜೊತೆ ಗ್ಲೌಸು, ಹಿಂದೆ ಕಟ್ಟುವ ಏಪ್ರನ್, ಕನ್ನಡಕ, ಮೊಣಕಾಲಿನವರೆಗೆ ಬೂಟು. ಚೆಲ್ಲಿದರೆ ಏನು ಮಾಡಬೇಕು ಅಂತ ಬೇಕಂತಲೇ ಚೆಲ್ಲಿ, ಮೇಲೆ ಟಿಶ್ಯೂ ಹಾಸಿ, ಬ್ಲೀಚ್ ಸುರಿದು, ಕಾದು, ಒರೆಸಿ, ಆ ಒರೆಸಿದ್ದನ್ನ ಮತ್ತೆ ಆಟೋಕ್ಲೇವ್‌ಗೆ. ಇಷ್ಟನ್ನ ಮಾಡಿ ಮಾಡಿ ನನ್ನ ಕೈಯ ಚರ್ಮ ಸುಲಿದು ಬಂತು. ಹುಡುಗಿ ಮಾತ್ರ ಒಂದು ಹೆಜ್ಜೆ ತಪ್ಪಲಿಲ್ಲ. ನಾನೇ ಒಮ್ಮೆ ಗ್ಲೌಸು ಹಾಕಿದ ಕೈಯಲ್ಲಿ ಕನ್ನಡಕ ಸರಿಮಾಡಿಕೊಂಡೆ. “ಮೇಡಂ, ನೀವೀಗ ಸತ್ರಿ,” ಅಂದಳು.

ನಡುವೆ ಎರಡು ದಿನ ರಜೆ ಹಾಕಿ ಮನೆಗೆ ಹೋಗಿ ಬಂದಳು. ಮನೆಯ ನಾಟಿ. ನಾನು ಹೋಗಿ ಬಾ ಅಂದೆ.

ಆಟಿ ಹದಿನೆಂಟರ ದಿನ ಅವಳ ಅಮ್ಮ ಯಾರ ಕೈಯಲ್ಲೋ ಪಾಯಸ ಕಳಿಸಿದ್ದರು. ಲ್ಯಾಬಿನಲ್ಲಿ ತಿನ್ನೋ ಹಾಗಿಲ್ಲವಲ್ಲ, ಸ್ಟಾಫ್ ರೂಮಿನಲ್ಲಿ ಕೂತು ತಿಂದೆವು. ನಾನು ಎರಡು ಸಲ ಹಾಕಿಸಿಕೊಂಡೆ. ಮಾರನೇ ಬೆಳಿಗ್ಗೆ ಬಚ್ಚಲಲ್ಲಿ ನನ್ನ ಎದೆ ಧಸಕ್ಕೆಂದಿತು. ಇಷ್ಟು ವರ್ಷದಿಂದ ತಿಂದಿದ್ದೀನಿ, ಆದರೂ ಪ್ರತಿ ವರ್ಷ ಒಂದು ಸಲ ಧಸಕ್ಕೆನ್ನುತ್ತೆ. ಕಾಲೇಜಿಗೆ ಬಂದು ನಿಯಮದ ಪ್ರಕಾರ ಕೇಳಿದೆ.

“ಏನೇ, ಬಣ್ಣ ಹೇಗಿದೆ?”

“ಕೆಂಪು ಮೇಡಂ. ನಿಮ್ದು?”

“ನಂದೂ ಅದೇ.”

ಡಾಕ್ಟರಿಗೆ ಫೋನ್ ಮಾಡಿದರೆ, “ನನಗೂ ಅದೇ, ನನ್ನ ಹೆಂಡತಿಗೂ ಅದೇ. ಬೇಕಾದ್ರೆ ತೋಟದ ಲೆಕ್ಕ ಬರೆಯೋ ರೈಟರನ್ನೂ ಕರೆದು ಕೇಳ್ತೇನೆ,” ಅಂದರು. ಆ ದಿನ ಹಾಗೆ ನಗುವಿನಲ್ಲಿ ಕಳೆಯಿತು.

ಅದರ ಮಾರನೇ ದಿನ ನನ್ನದು ತಿಳಿಯಾಯಿತು. ಮೀಟಿಂಗಿಗೆ ಇನ್ನೊಂದೇ ದಿನ. ಮಧ್ಯಾಹ್ನ ಹುಡುಗಿ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ನಿಂತಿದ್ದು ಕಂಡೆ. ಅವಳು ಮೆಟ್ಟಿಲು ಹತ್ತುವವಳಲ್ಲ, ಹಾರುವವಳು.

“ಏನಾಯ್ತೇ?”

“ಎಂಥದ್ದೂ ಇಲ್ಲ ಮೇಡಂ. ಕಾಲು ಹಿಡ್ಕೊಂಡಿದೆ. ಮಳೆಗೆ.”

“ಕಣ್ಣು ಯಾಕೆ ಹಾಗೆ?”

“ಹಾಸ್ಟೆಲಲ್ಲಿ ನೀರು ಕಾಯ್ಸೋ ಒಲೆ ಹೊಗೆ.”

ಲೇಡೀಸ್ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. “ನಂದು ಇವತ್ತು ತಿಳಿ ಆಯ್ತು. ನಿಂದು?” ಅಂದೆ. ಮುಖ ಆ ಕಡೆ ತಿರುಗಿಸಿದಳು. ಹಣೆ ಮುಟ್ಟಿದರೆ ಒಲೆ ಮೇಲಿನ ಹೆಂಚು. ಮೀನಖಂಡ ಒತ್ತಿದೆ, ಅಮ್ಮಾ ಅಂತ ಚೀರಿದಳು.

“ಯಾವಾಗಿಂದ ಜ್ವರ?”

“ಪಾಯಸ ತಿಂದ ದಿನವೇ ಸ್ವಲ್ಪ ಇತ್ತು ಮೇಡಂ. ಮಾತ್ರೆ ತಗೊಂಡೆ.”

“ನಾಟಿಗೆ ಹೋದಾಗ ಬೂಟು ಹಾಕಿದ್ಯಾ?”

ತಲೆ ತಗ್ಗಿಸಿದಳು. “ಮನೆ ಗದ್ದೆಗೆ ಬೂಟು ಹಾಕಿ ಇಳಿದ್ರೆ ಎಲ್ರೂ ನಗ್ತಾರೆ. ಅವ್ವನೂ ಗದ್ದೆಗೆ ಬೂಟಲ್ಲಿ ಇಳಿಬಾರ್ದು ಅಂತಾರೆ. ಕಾಲಲ್ಲಿ ಜಿಗಣೆ ಕಚ್ಚಿದ ಗಾಯ ಇತ್ತು.”

ಇಡೀ ಜಿಲ್ಲೆಯಲ್ಲಿ ಇಲಿಜ್ವರದ ಬಗ್ಗೆ ಇವಳಷ್ಟು ಓದಿದವರು ಇನ್ನೊಬ್ಬರಿಲ್ಲ. ಲ್ಯಾಬಿನಲ್ಲಿ ಸುಳ್ಳು ಸೂಕ್ಷ್ಮಾಣುವಿಗೆ ಎರಡು ಜೊತೆ ಗ್ಲೌಸು ಹಾಕಿದವಳು, ನಿಜವಾದದ್ದು ಇರುವ ನೀರಿಗೆ ಬರಿಗಾಲಲ್ಲಿ ಇಳಿದಿದ್ದಾಳೆ. ಆಮೇಲೆ ಕೆಂಪು ಕಂಡರೆ, ಅದಕ್ಕೆ ಅಮ್ಮನ ಪಾಯಸ ಇದೆಯಲ್ಲ. ಅವಳೂ ನಂಬಿದಳು, ನಾನೂ ನಂಬಿದೆ, ಡಾಕ್ಟರೂ ನಂಬಿದರು. ಬೇರೆ ಊರಲ್ಲಾಗಿದ್ದರೆ ಮೊದಲ ದಿನವೇ ಆಸ್ಪತ್ರೆಗೆ ಓಡುತ್ತಿದ್ದರು.

“ನಡಿ, ಆಸ್ಪತ್ರೆಗೆ.”

“ಮೇಡಂ, ನಾಳೆ ಮೀಟಿಂಗ್.” ನನ್ನ ಕೈ ಹಿಡಿದುಕೊಂಡಳು. “ನಾಳೆ ಒಂದು ದಿನ. ಸಹಿ ಆಗ್ಲಿ, ಮಧ್ಯಾಹ್ನವೇ ಹೋಗ್ತೇನೆ. ಈಗ ಗೊತ್ತಾದ್ರೆ ಲ್ಯಾಬಿಂದಲೇ ಬಂತು ಅಂತಾರೆ. ಮುಚ್ಚಿಸ್ತಾರೆ. ನಂಗೆ ಇನ್ನೊಂದು ಮಳೆಗಾಲ ಇಲ್ಲ ಮೇಡಂ.”

ನಿಜ ಹೇಳುತ್ತೇನೆ, ಒಂದು ಗಳಿಗೆ ನಾನೂ ಲೆಕ್ಕ ಹಾಕಿದೆ. ಒಂದೇ ದಿನ. ಮಾತ್ರೆ ಕೊಟ್ಟು ಮಲಗಿಸಿದರೆ? ಆಮೇಲೆ ನನ್ನ ಮೇಲೇ ಹೇಸಿಗೆ ಆಯಿತು, ಆ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. “ನಿನ್ನ ಪಿಎಚ್.ಡಿ.ಗೆ ಬೆಂಕಿ ಬೀಳ್ಲಿ! ಕಿಡ್ನಿ ಹೋದ್ಮೇಲೆ ಡಾಕ್ಟರೇಟ್ ತಗೊಂಡು ಗೋಡೆಗೆ ನೇತು ಹಾಕ್ತೀಯಾ?” ಅಂತ ಕೂಗಿದೆ. ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಮಂಜಿನಲ್ಲಿ ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣಿಸುತ್ತಿರಲಿಲ್ಲ. ದಾರಿಯುದ್ದಕ್ಕೂ ಅವಳು ಅತ್ತಳು, ನಾನು ಬೈದೆ.

ಮಡಿಕೇರಿಯ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಒಬ್ಬ ಸಣ್ಣ ವಯಸ್ಸಿನ ಹುಡುಗ. “ಗದ್ದೆ ಕೆಲಸಾನಾ?” ಅಂದ.

“ಅಲ್ಲ, ಓದ್ತಿದ್ದಾಳೆ.”

“ಏನು ಓದ್ತಿದ್ದಾಳೆ?”

“ಇಲಿಜ್ವರ.”

ಬರೆಯೋದು ನಿಲ್ಲಿಸಿ ತಲೆ ಎತ್ತಿ ನನ್ನ ಮುಖ ನೋಡಿದ. ತಮಾಷೆ ಮಾಡುತ್ತಿಲ್ಲ ಅಂತ ಗೊತ್ತಾದ ಮೇಲೆ ರಕ್ತ ಪರೀಕ್ಷೆಗೆ ಬರೆದ, ಫಲಿತಾಂಶಕ್ಕೆ ಕಾಯದೆ ಇಂಜೆಕ್ಷನ್ ಶುರು ಮಾಡಿಸಿದ.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ಪಾಪ, ಅವರು ಕೆಟ್ಟವರಲ್ಲ. “ಹುಡುಗಿ ಹುಷಾರಾಗ್ಲಿ, ಅದು ಮೊದಲು,” ಅಂದರು. ಆಮೇಲೆ ದನಿ ತಗ್ಗಿಸಿ, “ಮೇಡಂ, ಗದ್ದೆಯಲ್ಲಿ ಬಂದದ್ದು ಗದ್ದೆಯಲ್ಲೇ ಇರ್ಲಿ. ನಮ್ಮ ಲ್ಯಾಬಲ್ಲಿ ಆ ಸೂಕ್ಷ್ಮಾಣು ಇನ್ನೂ ಬಂದೇ ಇಲ್ಲ. ಇಲ್ಲದ್ದರ ಬಗ್ಗೆ ಅವರಿಗೆ ಯಾಕೆ ಹೇಳ್ಬೇಕು?” ಅಂದರು. ಅದರಲ್ಲಿ ನ್ಯಾಯ ಇರಲಿಲ್ಲ ಅಂತ ಹೇಳೋಕಾಗಲ್ಲ. ಹೇಳಿದರೆ ಕಳೆದುಕೊಳ್ಳುವವಳು ಒಳಗೆ ಮಲಗಿದ್ದಾಳೆ. ಹೇಳದಿದ್ದರೆ ಯಾರೂ ಏನೂ ಕಳೆದುಕೊಳ್ಳಲ್ಲ.

ಆದರೆ ಅದೇ ದಿನ ತಿಳಿಸಬೇಕು ಅಂತ ಬರೆದಿದ್ದೆವಲ್ಲ. ನಾಳೆ ಆ ಸಮಿತಿಯ ಮುಂದೆ ಕೂತು, ನಮ್ಮಲ್ಲಿ ಯಾರಿಗೂ ಏನೂ ಆಗಿಲ್ಲ ಅಂತ ಹೇಳಿ ಸಹಿ ಹಾಕಿಸಿಕೊಂಡು, ನಾಡಿದ್ದು ಎಂ.ಎಸ್ಸಿ. ಮಕ್ಕಳ ಕೈಗೆ ಟೈಫಾಯ್ಡ್ ಕೊಡಬೇಕು. ಅವರಲ್ಲಿ ಒಬ್ಬರಿಗೆ ಜ್ವರ ಬಂದರೆ ಅವರೂ ಮುಚ್ಚಿಡುತ್ತಾರೆ. ಯಾಕಿಡಬಾರದು, ಮೇಡಮ್ಮೇ ಇಟ್ಟಿಲ್ಲವಾ? ಬೆಂಚಿನಿಂದ ಎದ್ದು ಮೈಸೂರಿಗೆ ಫೋನ್ ಮಾಡಿದೆ.

ತಜ್ಞರು ಪೂರ್ತಿ ಕೇಳಿಸಿಕೊಂಡರು. “ಲ್ಯಾಬಲ್ಲಿ ಜೀವಂತ ಕಲ್ಚರ್ ಇದೆಯಾ?”

“ಇಲ್ಲ ಸರ್, ಒಂದೂ ಇಲ್ಲ.”

“ಹಾಗಂತ ನೀವು ಹೇಳ್ತಿದ್ದೀರಿ. ಬೀಗ ಹಾಕಿಸಿ. ಯಾರೂ ಒಳಗೆ ಹೋಗಬಾರದು. ನಾಳೆ ಮೀಟಿಂಗ್ ಇಲ್ಲ.” ಫೋನ್ ಇಟ್ಟರು.

ಒಳಗೆ ಹೋಗಿ ಹುಡುಗಿಗೆ ಹೇಳಿದೆ. ಗೋಡೆ ಕಡೆ ತಿರುಗಿ ಮಲಗಿದಳು. ಅವಳ ಅಮ್ಮ ಭಾಗಮಂಡಲದ ಬಸ್ಸಿಳಿದು ಒದ್ದೆ ಸೀರೆಯಲ್ಲೇ ಬಂದು ಹಾಸಿಗೆಯ ತುದಿಯಲ್ಲಿ ಕೂತರು. ನಾನು ದಿನಾ ಹೋದೆ, ಅವಳು ದಿನಾ ಗೋಡೆ ನೋಡಿದಳು. ಇಲಿಜ್ವರವೇ ಅಂತ ಫಲಿತಾಂಶ ಬಂತು. ಕಿಡ್ನಿಗೆ ಸ್ವಲ್ಪ ಪೆಟ್ಟು ಬಿದ್ದಿದೆ, ತಡ ಆಗಿದ್ದರೆ ಡಯಾಲಿಸಿಸ್‌ಗೆ ಮೈಸೂರಿಗೆ ಕಳಿಸಬೇಕಾಗುತ್ತಿತ್ತು ಅಂದರು. ಅಮ್ಮ ನನ್ನನ್ನ ಹೊರಗೆ ಕರೆದು, “ಮಾತಾಡದಿದ್ರೆ ಬಿಡಿ ಮೇಡಂ. ಜೀವ ಉಂಟಲ್ಲ, ಮಾತು ಬರ್ತದೆ,” ಅಂದರು. ನಾನು ಕಾರಿನಲ್ಲಿ ಕೂತು ಅತ್ತೆ.

ಲ್ಯಾಬಿಗೆ ಬಿದ್ದ ಬೀಗ ಹಾಗೇ ಇತ್ತು. ಮಳೆ ಸುರಿಯುತ್ತಲೇ ಇತ್ತು, ಒಂದೊಂದು ದಿನ ಕಳೆದಾಗಲೂ ಅವಳ ಗದ್ದೆ ನೀರು ಇಳಿದ ಹಾಗೆ ನನಗೆ ಅನ್ನಿಸುತ್ತಿತ್ತು. ಕೊನೆಗೆ ತಜ್ಞರು ಬಂದರು. ಫ್ರಿಜ್ಜಿನ ಒಂದೊಂದು ಟ್ಯೂಬನ್ನೂ ಎತ್ತಿ ನೋಡಿದರು, ಇಲಿಜ್ವರದ ತಳಿ ನಮಗೆ ಯಾರಾದರೂ ಕಳಿಸಿದ್ದಾರಾ ಅಂತ ಹೊರಗೆ ವಿಚಾರಿಸಿಕೊಂಡು ಬಂದಿದ್ದರು. ಓವನ್ ತೆಗೆದರು. ಖಾಲಿ. ಆಮೇಲೆ ಎಲ್ಲರೂ ಮೀಟಿಂಗಿಗೆ ಕೂತೆವು.

“ಕಾಯಿಲೆ ಲ್ಯಾಬಿನದ್ದಲ್ಲ, ಒಪ್ಪಿದೆ,” ಅಂದರು ತಜ್ಞರು. “ಆದರೆ ಲಕ್ಷಣ ಕಂಡೂ ಎರಡು ದಿನ ತಡ ಆಗಿದೆ. ಕಾರಣ ಆ ಪಾಯಸ. ಇಲ್ಲಿ ಕೆಲಸ ಮಾಡುವವರು ಆ ಪಾಯಸ ತಿನ್ನಬಾರದು ಅಂತ ಒಂದು ಷರತ್ತು ಸೇರಿಸಿ.”

ಡಾಕ್ಟರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. “ಸೇರಿಸಿ. ಜೊತೆಗೆ ನನ್ನ ರಾಜೀನಾಮೆಯನ್ನೂ ಸೇರಿಸಿ. ಏನು ಸ್ವಾಮಿ, ಕಕ್ಕಡದಲ್ಲಿ ಮದ್ದು ಪಾಯಸ ಬಿಡೋದಾ? ನಾನು ತಪ್ಪು ಮಾಡಿದ್ದು ಪಾಯಸ ತಿಂದು ಅಲ್ಲ, ಫೋನಲ್ಲಿ ನಕ್ಕು. ಆ ಹುಡುಗಿಯ ಜ್ವರ ಕೇಳ್ಬೇಕಿತ್ತು, ಕೇಳಲಿಲ್ಲ.”

ನಾನು ನಡುವೆ ಬಿದ್ದೆ. ಪಾಯಸ ತಿನ್ನಲಿ, ಆದರೆ ತಿಂದ ಮೇಲೆ ಬಣ್ಣ ತಿಳಿಯಾಗುವವರೆಗೆ ಯಾರೂ ಲ್ಯಾಬಿಗೆ ಬರೋದು ಬೇಡ, ಮಾರನೇ ದಿನದ ಮೇಲೂ ಬಣ್ಣ ಉಳಿದರೆ ಆಸ್ಪತ್ರೆಗೆ ಹೋಗಬೇಕು ಅಂದೆ. ತಜ್ಞರು ಯೋಚಿಸಿದರು. “ಅದರ ರುಚಿ ಹೇಗಿರುತ್ತೆ?” ಅಂತ ಕೇಳಿದರು. ಅವರು ಕೆಲಸಕ್ಕೆ ಸಂಬಂಧವಿಲ್ಲದ ಮಾತು ಆಡಿದ್ದನ್ನ ನಾನು ಕೇಳಿದ್ದು ಅದೊಂದೇ ಸಲ. ಅನುಮತಿಗೆ ಸಹಿ ಬಿತ್ತು. ಪಾಯಸದ ಹೆಸರಿರುವ ಸುರಕ್ಷತಾ ನಿಯಮ ದೇಶದಲ್ಲಿ ಬೇರೆಲ್ಲೂ ಇರಲಿಕ್ಕಿಲ್ಲ.

ಸಹಿಯೇನೋ ಬಿತ್ತು, ಗದ್ದೆಗೆ ಇಳಿಯುವವರು ಯಾರು? ಡಾಕ್ಟರು ಪೂರ್ತಿ ಗುಣ ಅಂತ ಬರೆದುಕೊಡುವವರೆಗೆ ಹುಡುಗಿ ಗದ್ದೆಗೂ ಇಳಿಯುವ ಹಾಗಿಲ್ಲ, ಲ್ಯಾಬಿಗೂ ಕಾಲಿಡುವ ಹಾಗಿಲ್ಲ. ಅದೂ ಅವಳೇ ಬರೆದ ನಿಯಮ. ನೀರು ಇಳಿಯೋಕೆ ಶುರುವಾಗಿತ್ತು. ಈ ವಯಸ್ಸಿನಲ್ಲಿ ನಾನು ಮೊಣಕಾಲುದ್ದದ ಬೂಟು, ಗ್ಲೌಸು ಹಾಕಿಕೊಂಡು ಅವರ ಮನೆ ಗದ್ದೆಗೆ ಇಳಿದೆ. ಕಳೆ ಕೀಳುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನಿಂತು ನಕ್ಕರು. ನಗದೆ ಇನ್ನೇನು, ಎಡಗಾಲಿನ ಬೂಟು ಕೆಸರಲ್ಲಿ ಹೂತುಕೊಂಡು ನಾನು ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತಿದ್ದೆ.

“ಅಲ್ಲಿ ಅಲ್ಲ ಮೇಡಂ!” ಅಂತ ಜಗಲಿಯಿಂದ ದನಿ ಬಂತು. ಶಾಲು ಹೊದ್ದು ಕೂತಿದ್ದಳು, ಮುಖ ಇಷ್ಟೇ ಇಷ್ಟಾಗಿತ್ತು.

“ಮತ್ತೆಲ್ಲೇ?”

“ಬದುವಿನ ಮೂಲೆಯಲ್ಲಿ. ಇಲಿ ಬಿಲ ಉಂಟು ನೋಡಿ, ಅದರ ಕೆಳಗೆ ನೀರು ನಿಂತಿದೆಯಲ್ಲ, ಅಲ್ಲಿ. ನಾನು ಇಳಿದದ್ದು ಅಲ್ಲೇ.”

ಆಸ್ಪತ್ರೆಯ ನಂತರ ನನ್ನ ಜೊತೆ ಅವಳು ಆಡಿದ ಮೊದಲ ಮಾತು ಅದು. ನಾನು ಅಲ್ಲಿಗೇ ಹೋಗಿ ನೀರು ತುಂಬಿಕೊಂಡೆ.

ನೀರನ್ನ ಸೋಸಿ, ಟ್ಯೂಬಿಗೆ ಹಾಕಿ, ಕತ್ತಲೆಯಲ್ಲಿ ಇಟ್ಟು ಕಾಯಬೇಕು. ಇದು ಬೇಗ ಬೆಳೆಯುವ ಜಾತಿ ಅಲ್ಲ. ವಾರಗಟ್ಟಲೆ ಟ್ಯೂಬುಗಳು ತಿಳಿಯಾಗಿಯೇ ಇದ್ದವು. ಅವಳು ಕಾಲೇಜಿಗೆ ಬರೋಕೆ ಶುರು ಮಾಡಿದಳು. ದಿನಾ ಹಳದಿ ಚೀಟಿಯ ಬಾಗಿಲವರೆಗೆ ಬಂದು, ಅದರ ಗಾಜಿನ ಕಿಂಡಿಯಲ್ಲಿ ನೋಡಿ, ಲೈಬ್ರರಿಗೆ ಹೋಗೋಳು. ಡಾಕ್ಟರು ಇನ್ನೂ ಬರೆದುಕೊಟ್ಟಿರಲಿಲ್ಲ. ಈ ಸಲ ಅವರು ನಗುತ್ತಿರಲಿಲ್ಲ, ಪ್ರತಿ ವಾರ ರಕ್ತ ಪರೀಕ್ಷೆ ಮಾಡಿಸುತ್ತಿದ್ದರು.

ಒಂದು ಮಧ್ಯಾಹ್ನ ಬದುವಿನ ಮೂಲೆಯ ಟ್ಯೂಬಿನಲ್ಲಿ, ಮೇಲ್ಮೈಯಿಂದ ಸ್ವಲ್ಪ ಕೆಳಗೆ ಒಂದು ಮಬ್ಬು ಉಂಗುರ ಕಂಡೆ. ಕ್ಯಾಬಿನೆಟ್ಟಿನ ಮುಂದೆ ಕೂತು ಒಂದು ಹನಿ ತೆಗೆದು ಮೈಕ್ರೋಸ್ಕೋಪಿನಲ್ಲಿ ಇಟ್ಟೆ. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗಿನ ನೂಲು, ತುದಿ ಕೊಕ್ಕೆಯ ಹಾಗೆ ಬಾಗಿದ್ದು, ಗಿರಗಿರ ತಿರುಗುತ್ತಿತ್ತು. ಇದು ರೋಗ ತರುವ ಬಗೆಯೋ, ನೀರಲ್ಲಿ ಸುಮ್ಮನಿರುವ ಬಗೆಯೋ ಅನ್ನೋದು ಇನ್ನೂ ಪರೀಕ್ಷೆ ಮಾಡಿ ನೋಡಬೇಕಾದ ಮಾತು. ಆದರೆ ಅವಳ ಕೆಲಸ ಜೀವ ಹಿಡಿದಿತ್ತು.

ತಲೆ ಎತ್ತಿದರೆ ಕಿಂಡಿಯಲ್ಲಿ ಅವಳ ಮುಖ. ಕೇಳಿಸದಿದ್ದರೂ ತುಟಿ ನೋಡಿ ಗೊತ್ತಾಯಿತು. “ಉಂಟಾ ಮೇಡಂ?”

“ಉಂಟು ಕಣೇ,” ಅಂದೆ, ಮಾಸ್ಕಿನೊಳಗಿಂದಲೇ. ತಲೆಯನ್ನೂ ಆಡಿಸಿದೆ.

ಅವಳು ಗಾಜಿಗೆ ಹಣೆ ಒತ್ತಿ ಅಳೋಕೆ ಶುರು ಮಾಡಿದಳು. ಎದ್ದು ಹೋಗಿ ತಬ್ಬಿಕೊಳ್ಳೋಣ ಅಂದರೆ ಎರಡು ಜೊತೆ ಗ್ಲೌಸು, ಏಪ್ರನ್, ಅವಳ ಕಾಯಿಲೆ ನನ್ನ ಕೈಯ ಸ್ಲೈಡಿನ ಮೇಲೆ. ಅಷ್ಟನ್ನೂ ಬಿಚ್ಚಿ, ಕೈ ತೊಳೆದು ಹೊರಗೆ ಹೋಗಬೇಕಾದರೆ ಅದಕ್ಕೂ ಒಂದು ಕ್ರಮ ಇದೆ. ಕೂತಲ್ಲಿಂದಲೇ ಗದರಿದೆ.

“ಗಾಜಿಗೆ ಮುಖ ಒತ್ತಬೇಡ್ವೇ. ಆಮೇಲೆ ಅದನ್ನೂ ನಾನೇ ಒರೆಸ್ಬೇಕು.”